ಹಂಚಿನ ಬಿಸಿ ತಿಳಿಯದ ಕೈ

ಪರದೇಶಕ್ಕೆ ಸೇವೆಗೆಂದು ಹೋಗಿ ಬಂದವರು ಮುಂದಿನ ಭಾನುವಾರ ಚರ್ಚಿನಲ್ಲಿ ನಿಂತು ಸಾಕ್ಷಿ ಹೇಳುವುದು ನಮ್ಮಲ್ಲಿ ನಡೆದುಬಂದ ರೂಢಿ. ಅಲ್ಲಿ ದೇವರು ಏನೇನು ಮಾಡಿದ, ಯಾರಿಗೆ ಕಣ್ಣು ಬಂತು, ಯಾರು ಎದ್ದು ನಡೆದರು ಎಂದು ಹೇಳಬೇಕು. ಕೂತವರು ಸ್ತೋತ್ರ ಎನ್ನಬೇಕು. ಆಮೇಲೆ ಎಲ್ಲರಿಗೂ ಚಹಾ. ನಾನು ಆಫ್ರಿಕದ ಮಲಾವಿ ದೇಶದಿಂದ ಬಂದಾಗ ಪಾಸ್ಟರು ನನ್ನನ್ನೂ ಕೇಳಿದರು. ಮೈಯಲ್ಲಿ ಆರಾಮಿಲ್ಲ ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ. ಅವರು ಮತ್ತೆ ಎರಡು ಸಲ ಕೇಳಿ ಸುಮ್ಮನಾದರು. ಸಾಕ್ಷಿ ಹಾಗೇ ಉಳಿದುಹೋಯಿತು.

ಈಗ ಬರೆಯುತ್ತಿದ್ದೇನೆ. ಓದುವವರಲ್ಲಿ ಒಬ್ಬರಾದರೂ ತಮ್ಮ ಮೈಮೇಲಿನ ಮಚ್ಚೆಯೊಂದನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡು ಕೂತಿರಬಹುದು. ಅವರಿಗಾಗಿ ಇದು. ಉಳಿದವರು ಚಹಾಕ್ಕೆ ಹೋಗಬಹುದು.

ನನ್ನ ಹೆಸರು ಸುಲೋಚನಾ. ಹುಟ್ಟಿ ಬೆಳೆದದ್ದು ಬೀದರಿನ ಮಂಗಲಪೇಟೆಯಲ್ಲಿ, ಕೊಟ್ಟದ್ದು ಭಾಲ್ಕಿಗೆ. ಬೀದರಿನ ಒಂದು ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ; ದಿನಾ ಭಾಲ್ಕಿಯಿಂದ ಹೋಗಿ ಬರುತ್ತೇನೆ. ಗಂಡ ಸಂಪತ್ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಮಗಳು ಕಲಬುರ್ಗಿಯಲ್ಲಿ ಓದುತ್ತಾಳೆ. ಮನೆಯ ಯಜಮಾನಿಕೆ ಎಲ್ಲಾ ಅತ್ತೆ ರೂತಮ್ಮನವರದು. ಖಟಕ ಚಿಂಚೋಳಿಯಲ್ಲಿ ಹುಟ್ಟಿದ ಹೆಂಗಸು, ಮಾತು ಕಡಿಮೆ, ಹೇಳಿದರೆ ಎರಡನೇ ಸಲ ಹೇಳುವವರಲ್ಲ.

ಅವರು ನನ್ನನ್ನು ಹೊಗಳಿದ್ದು ಒಂದೇ ವಿಷಯಕ್ಕೆ, ರೊಟ್ಟಿಗೆ. ಅದೂ ಮದುವೆಯಾಗಿ ಬಹಳ ವರ್ಷಗಳ ಮೇಲೆ. ಹೊಸದರಲ್ಲಿ ನಾನು ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಹೊಳ್ಳಿಸುವಾಗ ಬೆರಳು ಊದಿಕೊಳ್ಳುತ್ತಿದ್ದೆ, ಬಟ್ಟೆ ಹುಡುಕುತ್ತಿದ್ದೆ. ಪೇಟೆಯ ಹುಡುಗಿ ಎಂದು ನಗುತ್ತಿದ್ದರು. ಈಚಿನ ಎರಡು ಮೂರು ವರ್ಷದಲ್ಲಿ ಹಾಗಿರಲಿಲ್ಲ. ಕಾದ ಹಂಚಿನ ಅಂಚಿಗೆ ಬರಿಗೈ ಹಾಕಿ ರೊಟ್ಟಿ ಎತ್ತಿ ತಿರುವಿ ಹಾಕುತ್ತಿದ್ದೆ, ಕೆಂಡದ ಮೇಲೆ ನಿಲ್ಲಿಸಿ ತಿರುಗಿಸುತ್ತಿದ್ದೆ, ಮುಖ ಕಿವುಚುತ್ತಿರಲಿಲ್ಲ. ಒಂದು ದಿನ ಅತ್ತೆ ನೋಡಿ, ಕೈ ಪಳಗಿತು ಎಂದರು. ತಮ್ಮ ಅಕ್ಕ ಮಾರ್ತಮ್ಮನೂ ಹೀಗೇ ಬರಿಗೈಲಿ ಹೊಳ್ಳಿಸುತ್ತಿದ್ದಳಂತೆ. ಆ ಅಕ್ಕನ ಹೆಸರು ನಾನು ಕೇಳಿದ್ದು ಅದೇ ಮೊದಲು. ಮುಂದೆ ಏನೋ ಕೇಳಹೋದೆ, ಅವರು ಎದ್ದು ಹೋದರು. ನನಗೆ ಹೊಗಳಿಕೆಯೇ ಸಾಕಾಗಿತ್ತು. ಬಂದವರ ಮುಂದೆ ಬೇಕೆಂದೇ ಬರಿಗೈಲಿ ರೊಟ್ಟಿ ಹೊಳ್ಳಿಸತೊಡಗಿದೆ.

ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಆಗಾಗ ಜುಮ್ಮೆನ್ನುತ್ತಿದ್ದವು. ಹಗಲೆಲ್ಲಾ ವಾರ್ಡಿನಲ್ಲಿ ದುಡಿದ ಕೈ, ಬಸ್ಸಿನ ಕಂಬಿ ಹಿಡಿದು ಬಂದ ಕೈ, ಜುಮ್ಮೆನ್ನದೆ ಏನು ಮಾಡೀತು ಎಂದುಕೊಂಡೆ. ಮುಂಗೈಯ ಹೊರಬದಿಗೆ ಒಂದು ಮಾಸಲು ಮಚ್ಚೆ ಇತ್ತು. ಯಾವತ್ತೋ ಉಗಿ ಬಡಿದದ್ದು ಎಂದು ನಾನೇ ತೀರ್ಮಾನ ಮಾಡಿದ್ದೆ. ಮನೆಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ, ನೋಡಿದವರು ಕೇಳಿರಲಿಲ್ಲ.

ಮಲಾವಿಗೆ ಹೋಗುವ ತಂಡಕ್ಕೆ ನರ್ಸುಗಳು ಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಮೊದಲು ಕೈ ಎತ್ತಿದವಳು ನಾನೇ. ಔರಾದಿನಾಚೆ ದಾಟಿದರೆ ಮಹಾರಾಷ್ಟ್ರ, ಅದೇ ನನ್ನ ಪರದೇಶವಾಗಿತ್ತು. ಸಂಪತ್ ಹೋಗಿ ಬಾ ಎಂದರು. ಹೊರಡುವ ಹಿಂದಿನ ದಿನ ಅತ್ತೆ ಒಣಗಿದ ಕಟಿ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿ ನನ್ನ ಪೆಟ್ಟಿಗೆಯೊಳಗೆ ಬಟ್ಟೆಯ ನಡುವೆ ಇಟ್ಟಿದ್ದರು. ಹೈದರಾಬಾದಿನಿಂದ ವಿಮಾನ ಹತ್ತಿ, ನಡುವೆ ಒಂದು ಕಡೆ ಇಳಿದು ಮತ್ತೆ ಹತ್ತಿ, ಅಲ್ಲಿಂದ ಜೀಪಿನಲ್ಲಿ ಮುಟ್ಟಿದೆವು. ನೆಲ ನೋಡಿ ನಗು ಬಂತು. ಬೀದರಿನ ಕೆಂಪು ಮಣ್ಣೇ. ಇಷ್ಟು ದೂರ ಬಂದು ಮನೆಯ ಹಿತ್ತಲಿಗೆ ಇಳಿದ ಹಾಗಾಯಿತು.

ಮಾವಿನ ಮರಗಳ ಕೆಳಗೆ ಇಟ್ಟಿಗೆಯ ಚಿಕ್ಕ ಚರ್ಚು. ಅದೇ ನಮ್ಮ ಕ್ಯಾಂಪು. ಕಣ್ಣಿನವರು ಒಂದು ಮರದ ಕೆಳಗೆ, ಹಲ್ಲಿನವರು ಇನ್ನೊಂದರ ಕೆಳಗೆ, ಚರ್ಮದವರು ನಾವು ಚರ್ಚಿನ ಹಿಂದಿನ ನೆರಳಿನಲ್ಲಿ. ನಮ್ಮ ತಂಡದ ಡಾಕ್ಟರು ಚರ್ಮರೋಗದಲ್ಲೇ ತಲೆ ಹಣ್ಣು ಮಾಡಿಕೊಂಡ ಹಿರಿಯರು. ಮಾತು ತಿಳಿಸುವುದಕ್ಕೆ ಅಲ್ಲಿಯದೇ ಊರಿನ ಗ್ರೇಸ್ ಎಂಬ ಹೆಂಗಸು ಇದ್ದಳು. ಜನರ ಮಾತು ಅವಳು ಇಂಗ್ಲಿಷಿನಲ್ಲಿ ನನಗೆ ಹೇಳುತ್ತಿದ್ದಳು, ನನ್ನ ಮಾತು ಅವರಿಗೆ. ನನ್ನ ಕೆಲಸ ಇಷ್ಟು: ಮೈಮೇಲೆ ಬಿಳುಪಾದ ಮಚ್ಚೆ ಇದ್ದವರನ್ನು ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಬಾಲ್‌ಪೆನ್ನಿನ ತುದಿಯಿಂದ ಮಚ್ಚೆಯ ಮೇಲೆ ಮೆಲ್ಲಗೆ ಮುಟ್ಟುವುದು. ಮುಟ್ಟಿದ್ದೆಲ್ಲಿ ಎಂದು ಅವರು ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ಮುಲಾಮು ಕೊಟ್ಟು ಕಳಿಸುವುದು, ತೋರಿಸದಿದ್ದರೆ ಡಾಕ್ಟರ ಕಡೆ ಕಳಿಸುವುದು. ಕುಷ್ಠರೋಗದ ಮಚ್ಚೆಗೆ ಸ್ಪರ್ಶ ತಿಳಿಯುವುದಿಲ್ಲ.

ಒಂದು ದಿನ ಒಬ್ಬ ಅಜ್ಜಿ ಬಂದಳು. ಅಲ್ಲಿ ಅಜ್ಜಿಯರನ್ನು ಅಗೊಗೊ ಎನ್ನುತ್ತಾರೆ. ತೋಳಿನ ಮೇಲೆ ದುಂಡಗೆ ಮಚ್ಚೆ, ಸೊಂಟಕ್ಕೆ ಸುತ್ತಿದ ಹೂವಿನ ಬಟ್ಟೆಯ ತುದಿಯನ್ನು ಅದರ ಮೇಲೆ ಎಳೆದುಕೊಂಡಿದ್ದಳು. ಪೆನ್ನು ನೋಡಿದ್ದೇ ಸೂಜಿ ಎಂದುಕೊಂಡು ಕೈ ಹಿಂದೆಗೆದಳು. ಎಷ್ಟು ಹೇಳಿದರೂ ಕೊಡಲೊಲ್ಲಳು. ಸುತ್ತ ಕೂತ ಹೆಂಗಸರೂ ಗುಸುಗುಸು ಶುರುಮಾಡಿದರು. ಆಗ ಗ್ರೇಸ್ ಉಪಾಯ ಹೇಳಿದಳು. ಮೊದಲು ಅಗೊಗೊ ನಿನ್ನನ್ನು ಮುಟ್ಟಲಿ, ನೋವಿಲ್ಲ ಎಂದು ಅವಳೇ ನೋಡಲಿ ಎಂದಳು. ಒಳ್ಳೆಯ ಮಾತು ಎನಿಸಿತು. ಪೆನ್ನನ್ನು ಅಜ್ಜಿಯ ಕೈಗೆ ಕೊಟ್ಟು, ನನ್ನ ಬಲಗೈ ಮುಂದೆ ಚಾಚಿ, ಕಣ್ಣು ಮುಚ್ಚಿ ಕೂತೆ.

ಕಾದೆ. ಅಜ್ಜಿಗೆ ಇನ್ನೂ ಧೈರ್ಯ ಬಂದಿಲ್ಲ ಎಂದುಕೊಂಡೆ. ಮುಟ್ಟಲು ಹೇಳು ಎಂದು ಗ್ರೇಸ್‌ಗೆ ಹೇಳಿದೆ. ಆಗಲೇ ಮುಟ್ಟಿದಳಲ್ಲ ಎಂದಳು ಗ್ರೇಸ್. ಮತ್ತೊಮ್ಮೆ ಎಂದೆ. ಹೆಂಗಸರು ಕಿಸಕ್ಕನೆ ನಕ್ಕರು. ಮತ್ತೊಮ್ಮೆ ಎಂದೆ. ನಗು ದೊಡ್ಡದಾಯಿತು. ಅಜ್ಜಿಯ ಹೆದರಿಕೆ ಬಿಡಿಸಲಿಕ್ಕೆ ಈ ಇಂಡಿಯಾದ ನರ್ಸು ಚೇಷ್ಟೆ ಮಾಡುತ್ತಿದ್ದಾಳೆ ಎಂದು ಎಲ್ಲರೂ ತಿಳಿದುಕೊಂಡಿದ್ದರು. ಕಣ್ಣು ತೆರೆದು ನೋಡಿದೆ. ನನ್ನ ಮುಂಗೈಯ ಆ ಮಾಸಲು ಮಚ್ಚೆಯ ಮೇಲೆ ಮೂರು ನೀಲಿ ಚುಕ್ಕೆಗಳಿದ್ದವು.

ಎದುರಿಗೆ ಅಜ್ಜಿ ನಗುತ್ತಾ ತನ್ನ ತೋಳು ಚಾಚಿದ್ದಳು. ಪೆನ್ನು ತೆಗೆದುಕೊಂಡು ಅವಳ ಮಚ್ಚೆಯನ್ನು ಪರೀಕ್ಷಿಸಿದೆ. ಮುಟ್ಟಿದ ಪ್ರತಿ ಜಾಗಕ್ಕೂ ತಪ್ಪದೆ ಬೆರಳಿಟ್ಟಳು. ಬರೀ ಹುಳುಕಡ್ಡಿ. ಮುಲಾಮು ಕೊಟ್ಟೆ. ಅವಳ ಹಿಂದಿದ್ದವರನ್ನೂ ನೋಡಿದೆ. ಸಾಲು ಮುಗಿಯುವವರೆಗೆ ನನ್ನ ತೋಳಿನ ಬಟ್ಟೆ ಕೆಳಗೆಳೆದುಕೊಂಡೇ ಇದ್ದೆ.

ಸಾಲು ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗಿ ಕೈ ಚಾಚಿದೆ. ಅವರು ಮಚ್ಚೆ ನೋಡಿದರು, ಮುಟ್ಟಿ ಕೇಳಿದರು. ಮೊಣಕೈಯ ಹಿಂದೆ ಬೆರಳಿಟ್ಟು ನರ ಹುಡುಕಿದರು. ಅದು ದಾರದಂತಿರಬೇಕಾದದ್ದು ಹಗ್ಗದ ಹಾಗೆ ದಪ್ಪವಾಗಿತ್ತು. ನನ್ನ ಎರಡು ಬೆರಳ ನಡುವೆ ಒಂದು ಕಾಗದ ಇಟ್ಟು ಹಿಡಿದುಕೊಳ್ಳಿ ಎಂದರು. ಎಳೆದರು, ಕಾಗದ ಸುಲಭವಾಗಿ ಬಂತು. ಆಮೇಲೆ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದು, ಈ ಸುಟ್ಟ ಕಲೆಗಳು ಯಾವಾಗಿನವು ಎಂದು ಕೇಳಿದರು. ನಾನೂ ಅವನ್ನು ನೋಡಿದ್ದು ಆಗಲೇ ಮೊದಲು. ಸಣ್ಣ ಸಣ್ಣ ಕಲೆಗಳು, ಕೆಲವು ಹಳೆಯವು, ಒಂದೆರಡು ಹೊರಡುವ ವಾರದವು.

“ಇದು ಇಲ್ಲಿಂದ ಬಂದದ್ದಲ್ಲ ಸಿಸ್ಟರ್. ಇದು ನಿಮ್ಮೊಳಗೆ ವರ್ಷಗಟ್ಟಲೆ ಕೂತಿದ್ದು” ಎಂದರು. ಬೀದರಿಗೆ ಹೋದ ಕೂಡಲೇ ಮಾತ್ರೆ ಶುರುಮಾಡಿ, ಮಚ್ಚೆ ವಾಸಿಯಾಗುತ್ತದೆ, ಕೈಯ ಬಗ್ಗೆ ಈಗಲೇ ಮಾತು ಕೊಡಲಾರೆ ಎಂದರು. ನಾನೇ ನೂರಾರು ಜನಕ್ಕೆ ಹೇಳಿದ ಮಾತು ಅದು. ಕೇಳಿಸಿಕೊಳ್ಳುವ ಕಡೆ ಕೂತಾಗ ಅದು ಬೇರೆಯೇ ಮಾತು. ಮಾವಿನ ಮರಕ್ಕೆ ಒರಗಿ ಅತ್ತುಬಿಟ್ಟೆ. ಸೇವೆ ಮಾಡಲು ಬಂದವಳಿಗೇ ಹೀಗೇಕೆ ಎಂದು ದೇವರನ್ನು ಕೇಳಿದೆ, ಮೆತ್ತಗೇನೂ ಕೇಳಲಿಲ್ಲ.

ಮರುದಿನ ಆ ಅಜ್ಜಿ ಬೇಯಿಸಿದ ಗೆಣಸು ಕಟ್ಟಿಕೊಂಡು ಬಂದಳು. ನಿನ್ನೆ ನೀನು ಆಡಿದ್ದು ಆಟವಲ್ಲ ಅಲ್ಲವೇ ಎಂದು ಗ್ರೇಸ್‌ಳ ಮೂಲಕ ಕೇಳಿದಳು. ಅಷ್ಟು ಜನರಲ್ಲಿ ಅವಳೊಬ್ಬಳಿಗೆ ನನ್ನ ಮುಖ ಓದಲು ಬಂದಿತ್ತು. ಅಲ್ಲ ಎಂದೆ. ಅವಳು ನನ್ನ ಬಲಗೈಯನ್ನೇ ಹುಡುಕಿ ಎತ್ತಿಕೊಂಡು, ತನ್ನ ಎರಡು ಕೈಯಲ್ಲಿ ಮುಚ್ಚಿ, ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಳು. ಗ್ರೇಸ್‌ಗೆ ತಿಳಿಸಲು ಏನೂ ಇರಲಿಲ್ಲ. ಕ್ಯಾಂಪು ಮುಗಿಯುವವರೆಗೂ ನಾನು ಕೆಲಸ ಮಾಡಿದೆ, ಎಡಗೈಯಲ್ಲಿ ಪೆನ್ನು ಹಿಡಿದು.

ಭಾಲ್ಕಿಗೆ ಬಂದ ಸಂಜೆಯೇ ಮನೆಯಲ್ಲಿ ಹೇಳಿದೆ. ಸಂಪತ್‌ಗೆ ಮೊದಲು ತಿಳಿಯಲಿಲ್ಲ, ಕುಷ್ಠ ಎಂದಾಗ ಮುಖ ಸಪ್ಪಗಾಯಿತು. ಆಮೇಲೆ ಅವರು ಮಾಡಿದ್ದು ಒಂದೇ, ನನ್ನ ಪಕ್ಕ ಬಂದು ಕೂತರು. ಅತ್ತೆ ಒಲೆಯ ಹತ್ತಿರ ಇದ್ದರು. ಯಾವ ಕೈ ಎಂದು ಕೇಳಿದರು. ತೋರಿಸಿದೆ. ಬೆರಳ ತುದಿಯ ಕಲೆಗಳನ್ನು ನೋಡಿದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ನಾನು ಹಿಟ್ಟಿಗೆ ಕೈ ಹಾಕಹೋದಾಗ ಪರಾತವನ್ನು ತಮ್ಮ ಕಡೆ ಎಳೆದುಕೊಂಡರು.

“ಇನ್ನ ರೊಟ್ಟಿ ನೀ ಮಾಡಬ್ಯಾಡ.”

ಬಿಸಿ ಮುಟ್ಟುವುದಿಲ್ಲ, ಬಟ್ಟೆ ಹಿಡಿದು ಮಾಡುತ್ತೇನೆ ಎಂದೆ. ಬ್ಯಾಡ ಎಂದರೆ ಬ್ಯಾಡ ಎಂದರು. ಎರಡನೇ ಸಲ ಹೇಳುವವರಲ್ಲ ಎಂದೆನಲ್ಲ, ಅಂದು ಹೇಳಿದರು. ಮಂಡಿನೋವಿನ ಹೆಂಗಸು, ಕೆಳಗೆ ಕೂತರೆ ಗೋಡೆ ಹಿಡಿದು ಏಳಬೇಕು, ಅಂಥವರು ಅಂದಿನಿಂದ ದಿನಾ ರೊಟ್ಟಿ ಬಡಿಯತೊಡಗಿದರು.

ಇದಕ್ಕೆ ಏನರ್ಥ ಮಾಡಿಕೊಳ್ಳಬೇಕು? ನಾನು ಮಾಡಿಕೊಂಡದ್ದು ಒಂದೇ ಅರ್ಥ. ಇನ್ನು ಈ ಮನೆಯಲ್ಲಿ ನನ್ನ ಕೈಯ ಅನ್ನ ನಡೆಯುವುದಿಲ್ಲ. ಮಾತ್ರೆ ಶುರುವಾದ ಮೇಲೆ ಈ ರೋಗ ಇನ್ನೊಬ್ಬರಿಗೆ ಹತ್ತುವುದಿಲ್ಲ, ಕೂಡಿ ಉಂಡರೆ ಏನೂ ಆಗುವುದಿಲ್ಲ ಎಂದು ಮಲಾವಿಯ ಕ್ಯಾಂಪಿನಲ್ಲಿ ಗ್ರೇಸ್‌ಳ ಬಾಯಿಂದ ಹೇಳಿಸಿದವಳಿಗೆ ನನ್ನ ಅತ್ತೆಗೇ ಹೇಳಲು ಬಾಯಿ ಬರಲಿಲ್ಲ. ಸಿಟ್ಟು ಬಂತು. ನಮ್ಮ ಮನೆಯಲ್ಲಿ ಗಂಡಸರ ಊಟವಾದ ಮೇಲೆ ಅತ್ತೆ ಸೊಸೆ ಇಬ್ಬರೂ ಒಂದೇ ದೊಡ್ಡ ಗಂಗಾಳದಲ್ಲಿ ಉಣ್ಣುವುದು ಮೊದಲಿನಿಂದ ಬಂದದ್ದು. ಆ ಮಧ್ಯಾಹ್ನ ನಾನು ಬೇರೆ ತಟ್ಟೆ, ಬೇರೆ ಲೋಟ ತೆಗೆದುಕೊಂಡು ಜಗುಲಿಗೆ ಹೋಗಿ ಉಂಡೆ. ಅತ್ತೆ ನೋಡಿದರು, ಕರೆಯಲಿಲ್ಲ.

ಬೀದರಿನ ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಡುತ್ತಾರೆ. ನನ್ನ ಆಸ್ಪತ್ರೆಯಿಂದ ಅಲ್ಲಿಗೆ ಬಹಳ ದೂರವಿಲ್ಲ. ಆದರೂ ಮೊದಲ ಸಲ ಹೋಗುವಾಗ ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ಎಷ್ಟೋ ಜನರನ್ನು ಬೆಂಚಿನಿಂದ ಹೆಸರು ಹಿಡಿದು ಕರೆದವಳು, ನನ್ನ ಹೆಸರು ಜೋರಾಗಿ ಕರೆಯದಿರಲಿ ಎಂದು ಬೆಂಚಿನ ಮೂಲೆಯಲ್ಲಿ ಕೂತೆ. ಪಕ್ಕದಲ್ಲಿ ಕಮಲನಗರದ ಕಡೆಯ ಒಬ್ಬರು ಕುರಿಗಾರರು ಇದ್ದರು. ಹೆಗಲ ಮೇಲೆ ಕಂಬಳಿ, ಕಾಲಿಗೆ ಬ್ಯಾಂಡೇಜು. ಸೆರಗಿನೊಳಗಿನ ನನ್ನ ಕೈ ನೋಡಿಯೇ ತಿಳಿದುಕೊಂಡರು ಎಂದು ಕಾಣುತ್ತದೆ.

“ನಿಮಗ ಕೈಯಾಗೇನ್ರಿ ಅಕ್ಕಾರ? ನನಗ ಕಾಲಾಗ” ಎಂದರು.

ಹೂಂ ಎಂದೆ. ಜೇಬಿನಿಂದ ಹುರಿದ ಶೇಂಗಾ ತೆಗೆದು ನನ್ನ ಅಂಗೈಗೆ ಹಾಕಿದರು. ಮುಳ್ಳು ಚುಚ್ಚಿ ಒಳಗೇ ಉಳಿದು ಕೀವಾಗಿ, ಹೆಂಡತಿಗೆ ವಾಸನೆ ಬಂದ ಮೇಲೆ ಗೊತ್ತಾಯಿತಂತೆ. ಆಮೇಲೆ ತಮ್ಮಷ್ಟಕ್ಕೆ ತಾವೇ ನಕ್ಕರು. “ದಿನಾ ಸಂಜಿಗಿ ಒಂದೊಂದು ಕುರಿ ಕಾಲು ಎತ್ತಿ ನೋಡ್ತೇನ್ರಿ, ಮುಳ್ಳು ಅದ ಏನು ಅಂತ. ನನ್ನ ಕಾಲು ನಾ ಒಂದಿನಾನೂ ನೋಡಿಲ್ಲ.” ನಾನೂ ನಕ್ಕೆ. ಮಲಾವಿಯಿಂದ ಬಂದ ಮೇಲೆ ಅದೇ ಮೊದಲು ನಕ್ಕದ್ದು. ನರ್ಸಮ್ಮ ನನ್ನ ಹೆಸರನ್ನು ಜೋರಾಗಿಯೇ ಕರೆದಳು. ಎದ್ದು ಹೋದೆ.

ಮಾತ್ರೆಗಳ ಮಾತು ಹೆಚ್ಚು ಬರೆಯುವುದಿಲ್ಲ. ವರ್ಷವಿಡೀ ನುಂಗಬೇಕು. ಮೊದಲ ಸಲ ಮೂತ್ರ ಕೆಂಪಾದಾಗ, ಆಗುತ್ತದೆ ಎಂದು ಗೊತ್ತಿದ್ದವಳೂ ಬೆಚ್ಚಿದೆ. ನರದ ಬಾವು ಇಳಿಯಲಿಕ್ಕೆ ಬೇರೆ ಮಾತ್ರೆ ಕೊಟ್ಟರು, ಮುಖ ಉಬ್ಬಿತು. ಇನ್ನೊಂದು ಮಾತ್ರೆಗೆ ಮೈಬಣ್ಣ ಕಪ್ಪಾಗುತ್ತಾ ಬಂತು. ಓಣಿಯ ಹೆಂಗಸರು ಆಫ್ರಿಕದ ಬಿಸಿಲು ಹೀಗೆಯೇ ಎಂದು ಮರುಗಿದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅಷ್ಟರಲ್ಲಾಗಲೇ ಒಳಕ್ಕೆ ಬಾಗಿದ್ದ ಕಿರುಬೆರಳು ಮಾತ್ರ ಬಾಗಿದ ಹಾಗೇ ಇತ್ತು. ದಿನಾ ಬಿಸಿ ಕಡಿಮೆಯಾದ ನೀರಲ್ಲಿ ಕೈ ನೆನೆಸಿ, ಎಣ್ಣೆ ಹಚ್ಚಿ, ತೊಡೆಯ ಮೇಲೆ ಇಟ್ಟು ಬೆರಳನ್ನು ನೆಟ್ಟಗೆ ಮಾಡಿ ಉಜ್ಜಬೇಕು. ಒಬ್ಬಳೇ ಕೋಣೆಯಲ್ಲಿ ಕೂತು ಉಜ್ಜುತ್ತಿದ್ದೆ. ಅಡಿಗೆಮನೆಯಿಂದ ಅತ್ತೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಿಜ ಹೇಳಬೇಕೆಂದರೆ ರೋಗಕ್ಕಿಂತ ಆ ಸದ್ದು ಹೆಚ್ಚು ನೋಯಿಸುತ್ತಿತ್ತು.

ಔರಾದಿನಲ್ಲಿ ನನ್ನ ನಾದಿನಿ ಪ್ರೇಮಲತಾ ಇದ್ದಾಳೆ. ಹೊಸ ಮನೆ ಕಟ್ಟಿಸಿದ್ದಳು, ಒಕ್ಕಲ ಪ್ರಾರ್ಥನೆಗೆ ಎಲ್ಲರನ್ನೂ ಕರೆದಿದ್ದಳು. ನನ್ನ ರೋಗದ ಸುದ್ದಿ ಅವಳಿಗೆ ಅಣ್ಣನಿಂದ ತಿಳಿದಿತ್ತು. ಆಫ್ರಿಕಕ್ಕೆ ಹೋಗಿ ಹಚ್ಚಿಕೊಂಡು ಬಂದಳು, ಯಾಕೆ ಹೋಗಬೇಕಿತ್ತು ಎಂದು ಫೋನಿನಲ್ಲಿ ಅಂದಿದ್ದಳಂತೆ. ನಾನು ಬರುವುದಿಲ್ಲ ಎಂದೆ. ಸಂಪತ್‌ಗೆ ಸಾಲೆಯಲ್ಲಿ ಪರೀಕ್ಷೆಯ ಕೆಲಸ. ಅತ್ತೆ ಸೀರೆ ಉಟ್ಟು ಬಾಗಿಲಲ್ಲಿ ನಿಂತು, ನಡಿ ಎಂದರು. ಹೋದೆ.

ಪ್ರಾರ್ಥನೆ ಚೆನ್ನಾಗಿಯೇ ನಡೆಯಿತು. ಪ್ರೇಮಲತಾ ಕೆಟ್ಟವಳಲ್ಲ, ಬಂದ ಕೂಡಲೇ ವೈನಿ ನೀವು ದಣಿದೀರಿ, ಹೊರಗೇ ಕೂಡ್ರಿ, ಅಡಿಗೆಮನೆ ಬಿಸಿ ಅದ ಎಂದಳು. ಊಟಕ್ಕೆ ಕೂತಾಗ ಸಾಲಿನಲ್ಲಿ ಎಲ್ಲರ ಮುಂದೆ ಸ್ಟೀಲಿನ ಹೊಸ ತಟ್ಟೆಗಳನ್ನು ಇಡುತ್ತಾ ಬಂದಳು. ನನ್ನ ಮುಂದೆ ಕಾಗದದ ತಟ್ಟೆ ಇಟ್ಟಳು. ತಟ್ಟೆ ಕಡಿಮೆ ಬಿದ್ದವು ವೈನಿ ಎಂದಳು, ನನ್ನ ಕಡೆ ನೋಡದೆ. ನನ್ನ ಆಚೆಗಿನವರಿಗೆ ಮತ್ತೆ ಸ್ಟೀಲಿನ ತಟ್ಟೆ ಬಂತು. ಕಣ್ಣಲ್ಲಿ ನೀರು ತುಂಬಿತು. ಬಗ್ಗಿ ಕೂತೆ.

ಪಕ್ಕದಲ್ಲಿದ್ದ ಅತ್ತೆ ತಮ್ಮ ಸ್ಟೀಲಿನ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದರು. ನನ್ನ ಕಾಗದದ ತಟ್ಟೆಯನ್ನು ಎತ್ತಿ ಪಕ್ಕಕ್ಕೆ ಎಸೆದರು. ತಾವು ನನ್ನ ಕಡೆ ತಿರುಗಿ ಕೂತು, ಮಗಳನ್ನು ಕರೆದು, ಇದರೊಳಗೆ ಇಬ್ಬರಿಗೂ ನೀಡು ಎಂದರು. ಪ್ರೇಮಲತಾ ಅವ್ವನ ಮುಖ ನೋಡಿ ಸುಮ್ಮನೆ ನೀಡಿದಳು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು. ನನ್ನ ಬಲಗೈಯ ಬಾಗಿದ ಬೆರಳು ಸಾರಿನಲ್ಲಿ ಅದ್ದಿ ಅವರ ತುತ್ತಿಗೆ ತಗಲುತ್ತಿತ್ತು. ಅವರು ಕೈ ಹಿಂದೆಗೆಯಲಿಲ್ಲ.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಅವರು, ಪಕ್ಕದಲ್ಲಿ ನಾನು. ಮಧ್ಯಾಹ್ನದ ಬಿಸಿಲು, ಹೊರಗೆ ತೊಗರಿಯ ಹೊಲಗಳು. ನನಗೆ ತಲೆ ಕೆಟ್ಟುಹೋಗಿತ್ತು. ನನ್ನ ಎಂಜಲಿಗೆ ಹೇಸದವರು ನನ್ನ ಕೈಯ ರೊಟ್ಟಿಗೆ ಯಾಕೆ ಹೇಸಿದರು? ಕೊನೆಗೆ ಕೇಳಿಯೇಬಿಟ್ಟೆ.

“ಅತ್ತಿ, ನನ್ನ ಕೈಯಿಂದ ಪರಾತ ಯಾಕ ಕಸಗೊಂಡ್ರಿ?”

ಅವರು ಹೊರಗೇ ನೋಡುತ್ತಾ ಕೂತರು. ಒಂದು ಊರು ದಾಟಿತು. ಆಮೇಲೆ ಹೇಳತೊಡಗಿದರು, ನನಗಲ್ಲ, ಕಿಟಕಿಗೆ ಹೇಳುವ ಹಾಗೆ. ಖಟಕ ಚಿಂಚೋಳಿಯ ಮನೆಯಲ್ಲಿ ರೊಟ್ಟಿಯೆಲ್ಲಾ ಅಕ್ಕ ಮಾರ್ತಮ್ಮನದೇ ಕೆಲಸವಾಗಿತ್ತಂತೆ. ಹೊಲಕ್ಕೆ ಹೋಗುವ ಅಷ್ಟೂ ಜನಕ್ಕೆ ಒಬ್ಬಳೇ ಬಡಿಯುತ್ತಿದ್ದಳು, ಬರಿಗೈಲಿ ಹೊಳ್ಳಿಸುತ್ತಿದ್ದಳು. ಬಂದವರೆಲ್ಲಾ ಹೊಗಳುತ್ತಿದ್ದರು. ತಂಗಿಯಾದ ಇವರೂ ಪಕ್ಕದಲ್ಲಿ ಕೂತು, ಅಕ್ಕ ಇನ್ನೊಮ್ಮೆ ಮಾಡಿ ತೋರಿಸು ಎನ್ನುತ್ತಿದ್ದರಂತೆ. ಆಮೇಲೆ ಬೆರಳಿಗೆ ಹುಣ್ಣಾಯಿತು. ಒಂದೊಂದೇ ಬೆರಳು ಗಿಡ್ಡವಾಯಿತು. ಮಹಾರೋಗ ಬೆರಳು ತಿಂದಿತು ಎಂದರು ಜನ. ದೂರದ ಯಾವುದೋ ಆಶ್ರಮಕ್ಕೆ ಕಳಿಸಿದರು. ಉಳಿದ ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲ, ಇನ್ನು ಅವಳ ಹೆಸರು ತೆಗೆಯಬೇಡಿ ಎಂದರು. ಅಕ್ಕ ತೀರಿಹೋದ ಸುದ್ದಿಯೂ ಮನೆಗೆ ತಡವಾಗಿ ಬಂತು.

“ಬೆರಳು ರೋಗ ತಿನ್ನಲಿಲ್ಲ ಸುಲೂ, ಹಂಚು ತಿಂತು. ನಾವು ಹೊಗಳಿಕೋತ ಕುಂತೇವಿ. ಮತ್ತ ನಿನ್ನ ಕೈಗೂ ನಾನೇ ಹೊಗಳಿದೆ” ಎಂದರು.

ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ನನ್ನ ಬೆರಳ ಕಲೆಗಳನ್ನು ನೋಡಿದ ಆ ಸಂಜೆ ಅವರು ಬಾಗಿಲು ಹಾಕಿಕೊಂಡದ್ದು ಯಾಕೆ ಎಂದು ಆಗ ತಿಳಿಯಿತು. ಹಾಗಾದರೆ ನಾನು ಜಗುಲಿಗೆ ಹೋಗಿ ಉಣ್ಣುವಾಗ ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

“ಗಂಗಾಳ ಬ್ಯಾರೆ ಮಾಡಿದಾಕಿ ನೀನು, ನಾ ಅಲ್ಲ. ಓದಿದಾಕಿ, ದವಾಖಾನ್ಯಾಗ ಇರಾಕಿ. ಬ್ಯಾರೆ ಉಣಬೇಕೇನೋ ಅಂತ ಸುಮ್ಮನಾದೆ” ಎಂದರು.

ಇಷ್ಟು ತಿಂಗಳು ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಹೀಗೆ ಬದುಕಿದ್ದೆವು. ಬಸ್ಸಿನಲ್ಲಿ ಜನ ನೋಡುತ್ತಿದ್ದರು, ನೋಡಲಿ ಎಂದು ಅವರ ಹೆಗಲಿಗೆ ತಲೆ ಇಟ್ಟೆ. ಮಾತ್ರೆ ನುಂಗುವವರಿಂದ ಇದು ಹತ್ತುವುದಿಲ್ಲ, ಕೂಡಿ ಉಂಡರೆ ಏನೂ ಆಗುವುದಿಲ್ಲ ಎಂದು ಭಾಲ್ಕಿ ಬರುವವರೆಗೆ ಅವರಿಗೆ ಬಿಡಿಸಿ ಹೇಳಿದೆ. ಗೊತ್ತದ, ಈಗ ಉಂಡೆನಲ್ಲ ಎಂದರು.

ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಮನೆಯ ಕಡೆ ತಿರುಗಲಿಲ್ಲ. ಮಂಡಿ ಹಿಡಿದುಕೊಂಡೇ ಬಜಾರಿನ ಪಾತ್ರೆ ಬಾಂಡೆಯ ಅಂಗಡಿಗೆ ನಡೆದರು. ರೊಟ್ಟಿ ಹಿಡಿಯುವ ಚಿಮಟಾ ಬೇಕು ಎಂದರು. ಅಂಗಡಿಯವನು ತೋರಿಸಿದ್ದೆಲ್ಲವನ್ನೂ ಬಿಚ್ಚಿ ಮುಚ್ಚಿ ನೋಡಿದರು. ಕೊನೆಗೆ ಉದ್ದ ಹಿಡಿಯ, ಹಿಡಿಗೆ ಕಟ್ಟಿಗೆ ಹಾಕಿದ ಒಂದನ್ನು ನನ್ನ ಬಲಗೈಗೆ ಕೊಟ್ಟು, ಎರಡು ಬೆರಳು ಸೋತರೂ ಉಳಿದ ಬೆರಳಲ್ಲಿ ಹಿಡಿಯಲು ಬರುತ್ತದೆಯೇ ಎಂದು ನೋಡಿ ಖರೀದಿಸಿದರು. ತಮ್ಮ ಜನ್ಮದಲ್ಲಿ ಅವರು ಚಿಮಟಾ ಮುಟ್ಟಿದವರಲ್ಲ.

ಮರುದಿನ ಬೆಳಿಗ್ಗೆ ಪರಾತವನ್ನು ನನ್ನ ಕಡೆ ಸರಿಸಿದರು. ಹಿಟ್ಟು ನಾದಿದೆ. ಅಂಗೈಗೆ ತಿಳಿಯುತ್ತಿತ್ತು, ಹೊರಬದಿಗೆ ಇಲ್ಲ. ಬಡಿಯುವಾಗ ಬಾಗಿದ ಬೆರಳು ನಡುನಡುವೆ ಚುಚ್ಚಿ ರೊಟ್ಟಿಗೆ ತೂತು ಬಿತ್ತು. ಒಂದು ಬದಿ ದಪ್ಪ, ಒಂದು ಬದಿ ತೆಳ್ಳಗೆ. ಮದುವೆಯಾದ ಹೊಸದರಲ್ಲಿ ಮಾಡುತ್ತಿದ್ದ ರೊಟ್ಟಿಯೇ. ಚಿಮಟಾದಲ್ಲಿ ಹೊಳ್ಳಿಸಿದೆ, ಅರ್ಧ ಹರಿದು ಹಂಚಿಗೆ ಅಂಟಿತು. ಅಭ್ಯಾಸಕ್ಕೆ ಚಿಮಟಾ ಬಿಟ್ಟು ಬಲಗೈ ಮುಂದೆ ಹೋಯಿತು. ಅತ್ತೆ ಮಣಿಕಟ್ಟಿಗೆ ಫಟ್ಟನೆ ಹೊಡೆದರು. ಹರಿದ ರೊಟ್ಟಿಯನ್ನು ದೊಡ್ಡ ಗಂಗಾಳಕ್ಕೆ ಹಾಕಿಕೊಂಡು ಪುಂಡಿಪಲ್ಯ ಬಡಿಸಿಕೊಂಡರು. ಕುಂಡ್ರು ಎಂದರು. ಕೂತೆ.

ಈಗ ಮಾತ್ರೆ ಮುಗಿದಿವೆ. ಮಚ್ಚೆ ಮಾಸಿದೆ, ಮೈಬಣ್ಣ ತಿರುಗಿ ಬರುತ್ತಿದೆ. ಪಕ್ಕದ ಬೆರಳಿಗೆ ಸ್ವಲ್ಪ ಸ್ಪರ್ಶ ಬಂದಿದೆ. ಕಿರುಬೆರಳಿಗೆ ಬರಲಿಲ್ಲ, ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ನಾನು ವಾರ್ಡಿನ ಕೆಲಸ ಮಾಡುತ್ತೇನೆ. ಪ್ರೇಮಲತಾ ಈ ಕ್ರಿಸ್‌ಮಸ್ಸಿಗೆ ಬಂದಾಗ ತಾನಾಗಿ ನನ್ನ ಪಕ್ಕ ಊಟಕ್ಕೆ ಕೂತಳು, ಸ್ವಲ್ಪ ಹಿಂಜರಿದೇ ಕೂತಳು, ಆದರೂ ಕೂತಳು. ತಂಡದವರು ಮುಂದಿನ ಸಲಕ್ಕೆ ಮತ್ತೆ ಕರೆದಿದ್ದಾರೆ. ಹೋಗಬೇಕೆಂದಿದ್ದೇನೆ. ಪೆನ್ನಿಗೆ ಹೆದರುವವರಿಗೆ ಈ ಸಲ ಕೈ ಚಾಚುವಾಗ ಯಾವ ಕೈ ಎಂದು ನನಗೆ ಗೊತ್ತಿದೆ.

ಬೆಂಚಿನ ಮೇಲಿನ ಆ ಕುರಿಗಾರರ ಮಾತನ್ನು ಒಂದು ದಿನ ಅತ್ತೆಗೆ ಹೇಳಿದ್ದೆ. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ದಿನಾ ಸಂಜೆ ಪ್ರಾರ್ಥನೆಗೆ ಮೊದಲು ಕಣ್ಣಿಗೆ ಚಾಳೀಸು ಹಾಕಿಕೊಂಡು, ದೀಪದ ಕೆಳಗೆ ನನ್ನ ಬಲಗೈ ಎಳೆದುಕೊಂಡು ಒಂದೊಂದೇ ಬೆರಳು ತಿರುಗಿಸಿ ನೋಡುತ್ತಾರೆ. ಸುಟ್ಟ ಗುರುತು, ಬಿರುಕು, ಗೀರು, ಏನಾದರೂ ಇದೆಯೇ ಎಂದು. ಕಿರುಬೆರಳಿಗೆ ಬಂದಾಗ ಉಗುರಿನಿಂದ ಮೆಲ್ಲಗೆ ಒತ್ತುತ್ತಾರೆ.

“ತಿಳೀತೇನು?”

“ಇಲ್ರಿ ಅತ್ತಿ.”

“ಇರಲಿ ಬಿಡು, ನನಗ ತಿಳೀತದ” ಎನ್ನುತ್ತಾರೆ, ಮತ್ತು ಆ ಬೆರಳಿಗೆ ಎಣ್ಣೆ ಹಚ್ಚಿ ಕೈ ಬಿಡುತ್ತಾರೆ.